ರಾಳದ ಪುಣ್ಯ ಹೊಗೆಯ ಖಾತೆಗೆ ಏಕೆ?

ಸಾಂಬ್ರಾಣಿ ಹೊಗೆ ರೋಗಾಣುಗಳನ್ನು ಕೊಲ್ಲುತ್ತದೆ ಎಂಬ ಮಾತಿಗೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಎದುರಾಡುವವರು ಸಿಗುವುದು ಕಷ್ಟ. ಶಿವಮೊಗ್ಗದ ವಿದ್ಯಾನಗರದ ಯಾವುದೋ ಮನೆಯಲ್ಲಿ ಬಾಣಂತಿ ಇದ್ದಾಳೆಂದರೆ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಆ ಹೊಗೆಯಲ್ಲಿ ಅದರ ತಲೆ ಆರಿಸುವುದು ಇಂದಿಗೂ ನಡೆದಿದೆ. ಹಿಂದೆ ಅದಕ್ಕೆ ಅಜ್ಜಿಯರು ಕೊಡುತ್ತಿದ್ದ ಕಾರಣಗಳು ಸರಳವಾಗಿದ್ದವು. ಶೀತ ಆಗಬಾರದು, ದೃಷ್ಟಿ ತಾಗಬಾರದು, ಮಲೆನಾಡಿನ ಥಂಡಿಗೆ ಒದ್ದೆ ಕೂದಲು ಬೇಗ ಆರಬೇಕು. ಈಗ ಕಾರಣ ಬದಲಾಗಿದೆ. ಧೂಪದ ಪೊಟ್ಟಣದ ಮೇಲೆ, ಮೊಬೈಲಿಗೆ ಬರುವ ಸಂದೇಶದಲ್ಲಿ, ಸಭೆ ಸಮಾರಂಭದ ಭಾಷಣದಲ್ಲಿ ಕೇಳಿಬರುವುದು ಒಂದೇ ವಾಕ್ಯ: ಧೂಪದ ಹೊಗೆ ಗಾಳಿಯಲ್ಲಿರುವ ಬ್ಯಾಕ್ಟೀರಿಯಾ, ವೈರಸ್ಸುಗಳನ್ನು ನಾಶ ಮಾಡುತ್ತದೆ ಎಂಬುದು ವೈಜ್ಞಾನಿಕವಾಗಿ ಸಾಬೀತಾಗಿದೆ.

ಸಾಬೀತಾಗಿಲ್ಲ. ಸಾಬೀತಾಗಿರುವುದು ಬೇರೆ. ಸುವಾಸನೆಯ ರಾಳಗಳಿಗೂ ಅವುಗಳಿಂದ ಇಳಿಸಿದ ತೈಲಗಳಿಗೂ ಸೂಕ್ಷ್ಮಾಣುಗಳನ್ನು ತಡೆಯುವ ಶಕ್ತಿ ಇದೆ. ಆ ಶಕ್ತಿ ಅವು ತಾಗಿದ ಜಾಗದಲ್ಲಿ, ಸಾಕಷ್ಟು ದಟ್ಟವಾಗಿ, ಸಾಕಷ್ಟು ಹೊತ್ತು ನಿಂತಾಗ ಕೆಲಸ ಮಾಡುತ್ತದೆ. ಅದೇ ರಾಳವನ್ನು ಸುಟ್ಟು ಕೋಣೆಯ ಗಾಳಿಗೆ ಬಿಟ್ಟರೆ ಉಳಿಯುವುದು ಬಹುಮಟ್ಟಿಗೆ ಹೊಗೆ ಮಾತ್ರ. ಮೊದಲನೆಯದರ ಪುಣ್ಯವನ್ನು ಎರಡನೆಯದರ ಖಾತೆಗೆ ಬರೆಯುತ್ತ ಬಂದಿದ್ದೇವೆ. ಈ ತಪ್ಪು ಲೆಕ್ಕದ ಸಾಲ ತೀರಿಸುತ್ತಿರುವವರು ಇಬ್ಬರು: ಉಸಿರಾಟ ಇನ್ನೂ ಬಲಿಯದ ಹಸುಗೂಸು, ಮತ್ತು ಮಲೆನಾಡಿನ ಕಾಡಿನ ಮರ.

ರಾಳ ಮರಕ್ಕೆ ಯಾಕೆ ಬೇಕು ಎಂಬುದರಿಂದಲೇ ಶುರು ಮಾಡಬಹುದು. ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾಡುಗಳಲ್ಲಿ ರಾಳಧೂಪದ ಮರ, ಸಾಲುಧೂಪದ ಮರ, ಹಾಲುಮಡ್ಡಿ ಇವೆ. ಕೊಡಲಿಯೋ ಕೊರೆಹುಳವೋ ಗಾಳಿಯೋ ಇವುಗಳ ತೊಗಟೆಗೆ ಗಾಯ ಮಾಡಿದಾಗ ಒಳಗಿನ ನಾಳಗಳಿಂದ ಅಂಟಾದ ದ್ರವ ಹೊರಬರುತ್ತದೆ. ಅದರಲ್ಲಿ ಹಾರಿಹೋಗುವ ಹಗುರ ಭಾಗವಿದೆ. ಪೈನೀನ್, ಲಿಮೊನೀನ್ ಮುಂತಾದ ಟರ್ಪೀನುಗಳೆಂದರೆ ಇವೇ, ಸುವಾಸನೆ ಇವುಗಳದ್ದು. ಗಟ್ಟಿಯಾಗಿ ನಿಲ್ಲುವ ಭಾರದ ಭಾಗವೂ ಇದೆ. ಹಗುರ ಭಾಗ ಹಾರಿದಂತೆ ಉಳಿದದ್ದು ಹೆಪ್ಪುಗಟ್ಟಿ ಗಾಯವನ್ನು ಮುಚ್ಚುತ್ತದೆ. ಶಿಲೀಂಧ್ರ ಒಳಗಿಳಿಯದಂತೆ, ಹುಳು ಮೊಟ್ಟೆ ಇಡದಂತೆ ಮರ ತಾನೇ ಮಾಡಿಕೊಂಡ ಮುಲಾಮು ಇದು. ಅಲ್ಲಿ ರಾಳ ಗಾಯದ ಮೇಲೆಯೇ ಇರುತ್ತದೆ, ದಪ್ಪಗೆ ಇರುತ್ತದೆ, ವರ್ಷಗಟ್ಟಲೆ ಇರುತ್ತದೆ.

ಮನುಷ್ಯ ಇದನ್ನು ನೋಡಿ ಕಲಿತದ್ದೂ ಇದೆ. ಆಯುರ್ವೇದದಲ್ಲಿ ಸರ್ಜರಸವೆಂದು ಕರೆಯುವ ರಾಳವನ್ನು ಎಣ್ಣೆಯಲ್ಲಿ ಕರಗಿಸಿ ಮುಲಾಮು ಮಾಡುವ ಪದ್ಧತಿ ಹಳೆಯದು. ಒಡೆದ ಹಿಮ್ಮಡಿಗೆ, ಸುಟ್ಟ ಗಾಯಕ್ಕೆ ಅದನ್ನು ಹಚ್ಚುತ್ತಾರೆ. ಔಷಧಿ ಅಂಗಡಿಯ ಟಿಂಕ್ಚರ್ ಬೆಂಜೋಯಿನ್ ಕೂಡ ಲೋಬಾನವೆಂಬ ರಾಳವನ್ನು ಆಲ್ಕೋಹಾಲಿನಲ್ಲಿ ಕರಗಿಸಿದ್ದೇ. ಇನ್ನೂ ದೊಡ್ಡ ಉದಾಹರಣೆ ಅಡುಗೆಮನೆಯ ಕಪಾಟಿನಲ್ಲೇ ಇದೆ. ಲೋಬಾನದಿಂದ ಮೊದಲು ಬೇರ್ಪಟ್ಟ ಬೆಂಜೋಯಿಕ್ ಆಮ್ಲಕ್ಕೆ ಶಿಲೀಂಧ್ರವನ್ನು ತಡೆಯುವ ಗುಣವಿದೆ ಎಂದು 1875ರಲ್ಲಿ ಸಾಲ್ಕೋವ್‌ಸ್ಕಿ ಎಂಬ ವಿಜ್ಞಾನಿ ತೋರಿಸಿದ. ಇಂದು ಸಾಸ್, ಜಾಮ್, ಉಪ್ಪಿನಕಾಯಿಗಳ ಸೀಸೆಯ ಮೇಲೆ ‘ಸಂರಕ್ಷಕ 211’ ಎಂದಿರುತ್ತದಲ್ಲ, ಅದು ಆ ಆಮ್ಲದ ಸೋಡಿಯಂ ಲವಣ. ಗಜಕರ್ಣಕ್ಕೆ ಹಚ್ಚುವ ವಿಟ್‌ಫೀಲ್ಡ್ ಮುಲಾಮಿನಲ್ಲಿ ಇದೇ ಬೆಂಜೋಯಿಕ್ ಆಮ್ಲ ಶೇ 6ರಷ್ಟು, ಸ್ಯಾಲಿಸಿಲಿಕ್ ಆಮ್ಲ ಶೇ 3ರಷ್ಟು ಇರುತ್ತದೆ. ರಾಳದಲ್ಲಿ ಏನೂ ಇಲ್ಲ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಆದರೆ ಈ ಎಲ್ಲ ಉದಾಹರಣೆಗಳಲ್ಲಿ ಒಂದು ಸಮಾನ ಅಂಶವಿದೆ. ಎಲ್ಲಿಯೂ ರಾಳವನ್ನು ಸುಟ್ಟಿಲ್ಲ. ಹಚ್ಚಿದ್ದಾರೆ, ಕಲಸಿದ್ದಾರೆ, ಕರಗಿಸಿದ್ದಾರೆ. ಬೆಂಜೋಯಿಕ್ ಆಮ್ಲವೂ ಹುಳಿ ಇರುವ, ತೇವ ಇರುವ ಪದಾರ್ಥದಲ್ಲಿ ಬೆರೆತಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಹುಳಿ ಇಲ್ಲದ ಕಡೆ ಅದರ ಬಲ ಕುಗ್ಗುತ್ತದೆ. ಲೋಬಾನವನ್ನು ಮೆಲ್ಲನೆ ಬಿಸಿ ಮಾಡಿದರೆ ಆಮ್ಲ ಆವಿಯಾಗಿ ಮೇಲೇರುತ್ತದೆ, ಹಾಗಾದರೆ ಹೊಗೆಯಲ್ಲೂ ಅದು ಇದೆಯಲ್ಲವೇ ಎಂದು ತಿಳಿದವರು ಕೇಳಬಹುದು. ಸ್ವಲ್ಪ ಇರುತ್ತದೆ. ನಿಗಿನಿಗಿ ಕೆಂಡದ ಮೇಲೆ ಬಿದ್ದ ಲೋಬಾನ ಮೆಲ್ಲನೆ ಬಿಸಿಯಾಗುವುದಿಲ್ಲ, ಸುಡುತ್ತದೆ. ತಪ್ಪಿಸಿಕೊಂಡು ಮೇಲೇರಿದ ಚೂರು ಆಮ್ಲ ಮೂಗು ಗಂಟಲಿಗೆ ತಾಗಿದರೆ ಕೆಮ್ಮು ಬರಿಸುತ್ತದೆ. ಗಾಳಿಯಲ್ಲಿ ತೇಲುವ ರೋಗಾಣುವನ್ನು ಕೊಲ್ಲಲು ಬೇಕಾದ ಹುಳಿ, ತೇವ, ಪ್ರಮಾಣ ಯಾವುದೂ ಅಲ್ಲಿಲ್ಲ.

ಇನ್ನು ಪ್ರಯೋಗಾಲಯದ ಮಾತು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅದರ ಮೇಲೆ ತೈಲದಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟು, ಸುತ್ತ ಎಷ್ಟು ದೂರ ಬ್ಯಾಕ್ಟೀರಿಯಾ ಬೆಳೆಯಲಿಲ್ಲ ಎಂದು ಅಳೆಯುವುದು ಸಾಮಾನ್ಯ ವಿಧಾನ. ಕುಂದುರು, ಗುಗ್ಗುಳ, ರಾಳಧೂಪ ಎಂಬ ರಾಳಗಳೆಲ್ಲವನ್ನೂ ಹೀಗೆ ಪರೀಕ್ಷಿಸಿದವರಿದ್ದಾರೆ. ಫಲಿತಾಂಶಗಳು ಸುಳ್ಳಲ್ಲ. ಟರ್ಪೀನುಗಳು ಕೊಬ್ಬಿನಲ್ಲಿ ಕರಗುವ ಗುಣದವು, ಹಾಗಾಗಿ ಬ್ಯಾಕ್ಟೀರಿಯಾದ ಹೊರಪೊರೆಗೆ ನುಗ್ಗಿ ಅದನ್ನು ಸೋರುವಂತೆ ಮಾಡುತ್ತವೆ. ಕೀವಿಗೆ ಕಾರಣವಾಗುವ ಸ್ಟೆಫೈಲೋಕಾಕಸ್ ತರಹದವು ಬೇಗ ಬಗ್ಗುತ್ತವೆ. ಮೇಲೆ ಇನ್ನೊಂದು ಪೊರೆಯ ರಕ್ಷಣೆ ಇರುವ ಇ. ಕೋಲಿಯಂಥವು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು ಪ್ರಮಾಣ. ಆಂಟಿಬಯಾಟಿಕ್‌ಗಳ ಬಲವನ್ನು ಮಿಲಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಬರೆಯುತ್ತಾರೆ. ಕುಂದುರಿನ ತೈಲಗಳದ್ದನ್ನು ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯಬೇಕಾಗುತ್ತದೆ. ಮೈಕ್ರೋಗ್ರಾಮಿಗೂ ಮಿಲಿಗ್ರಾಮಿಗೂ ನಡುವೆ ಇರುವುದು ಸಾವಿರ ಪಟ್ಟು ಅಂತರ. ‘ಬ್ಯಾಕ್ಟೀರಿಯಾ ಸತ್ತಿತು’ ಎಂಬ ಎರಡು ಪದ ಸುದ್ದಿಯಾಗುತ್ತದೆ, ಎಷ್ಟು ತೈಲಕ್ಕೆ ಸತ್ತಿತು ಎಂಬುದು ಸುದ್ದಿಯಾಗುವುದಿಲ್ಲ.

ದ್ರವದ ಲೆಕ್ಕವನ್ನು ಗಾಳಿಗೆ ಹಚ್ಚುವುದು ನ್ಯಾಯವಲ್ಲ ಎಂದರೆ ಆವಿಯದ್ದೇ ಲೆಕ್ಕ ನೋಡೋಣ. ಜಪಾನಿನ ಇನೋಯೆ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ 14 ಸುಗಂಧ ತೈಲಗಳ ಆವಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಉಸಿರಾಟದ ರೋಗಾಣುಗಳ ಮೇಲೆ ಪರೀಕ್ಷಿಸಿದ್ದರು. ಮುಂದೆ ನಿಂತದ್ದು ದಾಲ್ಚಿನ್ನಿ ತೊಗಟೆ, ಮಜ್ಜಿಗೆ ಹುಲ್ಲು, ಥೈಮ್. ಪೈನೀನ್, ಲಿಮೊನೀನ್‌ನಂಥ ಹೈಡ್ರೋಕಾರ್ಬನ್ ಟರ್ಪೀನುಗಳೇ ಹೆಚ್ಚಿರುವ ತೈಲಗಳು ಹಿಂದೆ ಬಿದ್ದವು. ಬಹುತೇಕ ರಾಳಗಳ ತೈಲ ಈ ಎರಡನೆಯ ಗುಂಪಿಗೆ ಸೇರುತ್ತದೆ. ಗೆದ್ದ ತೈಲಗಳಿಗೂ ಲೀಟರ್ ಗಾಳಿಗೆ ಕೆಲವು ಮಿಲಿಗ್ರಾಂ ಬೇಕಾಯಿತು. ಮೂರೇ ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿ ಇರುತ್ತದೆ. 84 ಗ್ರಾಂ ಶುದ್ಧ ತೈಲ ಪೂರ್ತಿ ಆವಿಯಾಗಿ, ಒಂದು ಸಂದಿಯಿಂದಲೂ ಹೊರಹೋಗದೆ ನಿಲ್ಲಬೇಕು. ಕುಂದುರಿನಲ್ಲಿ ತೈಲದ ಪಾಲು ನೂರಕ್ಕೆ ಐದರಿಂದ ಒಂಬತ್ತು. ಅಂದರೆ ಹೆಚ್ಚುಕಡಿಮೆ ಒಂದು ಕಿಲೋ ಅಥವಾ ಅದಕ್ಕೂ ಹೆಚ್ಚು ಕುಂದುರು ಒಂದು ಕೋಣೆಗೆ ಒಂದು ಹೊತ್ತಿಗೆ ಬೇಕು, ಅದೂ ಚೂರೂ ಸುಡದೆ ಆವಿಯಾಗಬೇಕು. ದೇವರ ಮನೆಯಲ್ಲಿ ಚಿಟಿಕೆ ಸಾಂಬ್ರಾಣಿ ಹಾಕುವವರಿಗೆ ಈ ಲೆಕ್ಕವನ್ನು ಯಾರೂ ಹೇಳಿಲ್ಲ.

ಹೊಗೆಯ ಪರ ವಾದಿಸುವವರ ಕೈಯಲ್ಲಿ ಒಂದು ಗಟ್ಟಿ ದಾಖಲೆ ಇದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ಸಿ.ಎಸ್. ನೌಟಿಯಾಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮುಚ್ಚಿದ ಕೋಣೆಯಲ್ಲಿ ಕಟ್ಟಿಗೆ ಮತ್ತು ಹವನ ಸಾಮಗ್ರಿ ಸುಟ್ಟಾಗ ಒಂದು ಗಂಟೆಯಲ್ಲಿ ಗಾಳಿಯ ಬ್ಯಾಕ್ಟೀರಿಯಾ ಶೇ 94ಕ್ಕೂ ಹೆಚ್ಚು ಕಡಿಮೆಯಾಯಿತು, ಪರಿಣಾಮ 24 ಗಂಟೆಯವರೆಗೆ ಉಳಿಯಿತು ಎಂದು ಅವರು ವರದಿ ಮಾಡಿದ್ದಾರೆ. ಮೊಬೈಲಿನಲ್ಲಿ ಓಡಾಡುವ ಎಲ್ಲ ‘94’ರ ಮೂಲ ಇದೇ. ಅದನ್ನು ಓದಿದವರಿಗೆ ಮೂರು ಸಂಗತಿ ಕಾಣುತ್ತವೆ. ಅಲ್ಲಿ ಸುಟ್ಟದ್ದು ಕಟ್ಟಿಗೆ ಮತ್ತು ಹಲವು ಮೂಲಿಕೆಗಳ ಮಿಶ್ರಣ, ಚಿಟಿಕೆ ರಾಳವಲ್ಲ. ಲೆಕ್ಕ ಹಾಕಿದ್ದು ಬ್ಯಾಕ್ಟೀರಿಯಾಗಳನ್ನು. ವೈರಸ್ಸಿನ ಮಾತೇ ಇಲ್ಲ. ಮತ್ತು ತೆರೆದ ಕೋಣೆಯಲ್ಲಿ 30 ದಿನಗಳ ನಂತರವೂ ಕಾಣದಂತಾದವು ಎಂದು ಹೆಸರಿಸಿದ ರೋಗಾಣುಗಳಲ್ಲಿ ಒಂದು ಬೀನ್ಸ್ ಗಿಡವನ್ನು ಬಾಡಿಸುವಂಥದ್ದು, ಇನ್ನೊಂದು ಪೀಚ್ ಮರದ್ದು, ಮತ್ತೊಂದು ಗಿಡಗಳಿಗೇ ಕಾಟ ಕೊಡುವ ಸ್ಯಾಂಥೊಮೊನಾಸ್. ಮನುಷ್ಯರಿಗೆ ಸೋಂಕು ತರುವ ಒಂದೆರಡು ಹೆಸರೂ ಅದರಲ್ಲಿವೆ, ನಿಜ. ಆದರೆ ಆ ಹೊಗೆಯಲ್ಲಿ ಕೂತ ಮನುಷ್ಯನ ಉಸಿರು ಏನಾಯಿತು ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಅದು ಆ ಅಧ್ಯಯನದ ಉದ್ದೇಶವೂ ಆಗಿರಲಿಲ್ಲ. ಅದನ್ನು ಕೂಸಿನ ತೊಟ್ಟಿಲ ಬಳಿಗೆ ತಂದವರು ಬೇರೆಯವರು.

ಕಟ್ಟಿಗೆಯ ಹೊಗೆಯಲ್ಲಿ ಬ್ಯಾಕ್ಟೀರಿಯಾ ಸಾಯುವುದೇಕೆ ಎಂದು ತಿಳಿಯಲು ಲಖನೌವರೆಗೆ ಹೋಗಬೇಕಿಲ್ಲ. ವಿದ್ಯಾನಗರದಿಂದ ಬಿ.ಎಚ್. ರಸ್ತೆ ಹಿಡಿದು ಭದ್ರಾವತಿಗೆ ಹೋದರೆ ಸಾಕು. ಅಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಕಲ್ಲಿದ್ದಲಿರಲಿಲ್ಲ, ಮಲೆನಾಡಿನ ಕಟ್ಟಿಗೆಯ ಇದ್ದಿಲೇ ಇಂಧನ. ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ಸುಮ್ಮನೆ ಬಿಡದೆ ತಣಿಸಿ ಇಳಿಸಲು ಅಲ್ಲಿ ಮರದ ಬಟ್ಟಿ ಇಳಿಸುವ ಘಟಕವೇ ಇತ್ತು. ಆ ಹೊಗೆಯಿಂದ ಮೀಥೈಲ್ ಆಲ್ಕೋಹಾಲ್, ಅಸಿಟೇಟ್, ಟಾರು ತೆಗೆಯುತ್ತಿದ್ದರು. ಮರದ ಹೊಗೆಯೊಳಗೆ ಏನಿದೆ ಎಂಬುದನ್ನು ಪೀಪಾಯಿಗಳಲ್ಲಿ ತುಂಬಿ ಮಾರಿದ ಊರು ಭದ್ರಾವತಿ. ಮೀಥೈಲ್ ಆಲ್ಕೋಹಾಲ್, ಅಸಿಟಿಕ್ ಆಮ್ಲ, ಫಾರ್ಮಾಲ್ಡಿಹೈಡ್, ಫೀನಾಲುಗಳು, ಟಾರು, ಇವೆಲ್ಲ ಸೂಕ್ಷ್ಮಾಣುಗಳಿಗೆ ವಿಷ. ಆದ್ದರಿಂದಲೇ ಒಲೆಯ ಮೇಲಿನ ಅಟ್ಟದಲ್ಲಿ ತೂಗಿಟ್ಟ ಒಣಮೀನು ಕೆಡುತ್ತಿರಲಿಲ್ಲ, ಬಿತ್ತನೆ ಬೀಜಕ್ಕೆ ಹುಳು ಬೀಳುತ್ತಿರಲಿಲ್ಲ. ತಿಂಗಳುಗಟ್ಟಲೆ ಟಾರು ಹತ್ತಿ ಹತ್ತಿ ಅವು ಕಪ್ಪಾಗುತ್ತಿದ್ದವು. ಒಣಮೀನಿಗೆ ಶ್ವಾಸಕೋಶ ಇಲ್ಲ. ಸೂಕ್ಷ್ಮಾಣುವಿಗೆ ವಿಷವಾದದ್ದು ಶ್ವಾಸನಾಳದ ಒಳಪದರಕ್ಕೆ ಅಮೃತ ಆಗಬೇಕೆಂದರೆ ಅದಕ್ಕೆ ಬೇರೆಯೇ ಪುರಾವೆ ಬೇಕು. ಆ ಪುರಾವೆಯನ್ನು ಯಾರೂ ತಂದಿಲ್ಲ.

ವೈದ್ಯಶಾಸ್ತ್ರ ಈ ದಾರಿಯಲ್ಲಿ ಒಮ್ಮೆ ನಡೆದು ಹಿಂದಿರುಗಿದೆ. ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1867ರಲ್ಲಿ ಗಾಯಕ್ಕೆ ಕಾರ್ಬಾಲಿಕ್ ಆಮ್ಲ, ಅಂದರೆ ಫೀನಾಲ್ ಹಚ್ಚಿ ಕೀವು ಕಟ್ಟದಂತೆ ತಡೆಯುವ ವಿಧಾನವನ್ನು ಪ್ರಕಟಿಸಿದರು. ಗಾಯಕ್ಕೆ ಹಚ್ಚಿದ್ದು ಫಲಿಸಿದ ಮೇಲೆ ಗಾಳಿಯಲ್ಲಿರುವ ರೋಗಾಣುವನ್ನೂ ಕೊಲ್ಲೋಣವೆಂದು 1870ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯ ತುಂಬ ಅದೇ ಆಮ್ಲವನ್ನು ತುಂತುರಿಸತೊಡಗಿದರು. ವೈದ್ಯರು, ರೋಗಿ, ದಾದಿಯರು ಎಲ್ಲರೂ ಆ ತುಂತುರಿನಲ್ಲೇ ಉಸಿರಾಡಿದರು. ಕೈ ಸುಟ್ಟಿತು, ಗಂಟಲು ಉರಿಯಿತು. ಗಾಯದ ಸೋಂಕು ಹೆಚ್ಚಾಗಿ ಬರುತ್ತಿದ್ದುದು ಕೈ, ಉಪಕರಣ, ಬಟ್ಟೆಗಳಿಂದ ಎಂಬುದು ಮುಂದೆ ಗೊತ್ತಾಯಿತು. ಲಿಸ್ಟರ್ ತುಂತುರನ್ನು ಕೈಬಿಟ್ಟರು. 1890ರ ಬರ್ಲಿನ್ ಸಮ್ಮೇಳನದಲ್ಲಿ, ಗಾಳಿಯ ಸೂಕ್ಷ್ಮಾಣುಗಳನ್ನು ಕೊಲ್ಲಲು ಅದನ್ನು ತಾವು ಎಂದಾದರೂ ಸೂಚಿಸಿದ್ದೆ ಎಂಬುದಕ್ಕೇ ನಾಚಿಕೆಯಾಗುತ್ತದೆ ಎಂಬರ್ಥದ ಮಾತನ್ನು ತುಂಬಿದ ಸಭೆಯಲ್ಲಿ ಹೇಳಿದರು. ಅವರ ಕೈಯಲ್ಲಿದ್ದುದು ರಾಳಕ್ಕಿಂತ ಎಷ್ಟೋ ಪಾಲು ಬಲವಾದ ವಸ್ತು. ಹಚ್ಚಿದರೆ ಗೆದ್ದ ಅದು ಗಾಳಿಗೆ ಬಿಟ್ಟಾಗ ಸೋತಿತು.

ಹೊಗೆಗೆ ಸೊಳ್ಳೆ ಓಡುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಓಡಬಹುದು. ಕೀಟವನ್ನು ಓಡಿಸುವುದು ಬೇರೆ, ರೋಗಾಣುವನ್ನು ಕೊಲ್ಲುವುದು ಬೇರೆ. ಓಡಿಸುವುದಕ್ಕೂ ಈ ಜಿಲ್ಲೆ ನೆಚ್ಚಿಕೊಂಡದ್ದು ಹಚ್ಚುವುದನ್ನೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಈ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅದರಿಂದ ನಲುಗಿತು. ಅದನ್ನು ಹರಡುವ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಡಿಎಂಪಿ ಎಣ್ಣೆ ಹಂಚಿತು. ಕಾಡಿಗೆ ಹೋಗುವವರು ಅದನ್ನು ಕೈಕಾಲಿಗೆ ಸವರಿಕೊಂಡರು. ಸುಟ್ಟು ಊರಿಗೆ ಹೊಗೆ ಹಾಕೋಣ ಎಂದು ಯಾರಿಗೂ ಅನ್ನಿಸಲಿಲ್ಲ.

ಈಗ ಬಾಣಂತಿ ಕೋಣೆಗೆ ಮರಳಬೇಕು, ಏಕೆಂದರೆ ಈ ಜಗಳ ಇರುವುದೇ ಅಲ್ಲಿ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹುಟ್ಟಿದ ಕೂಸು 30ರಿಂದ 60 ಸಲ ಉಸಿರಾಡುತ್ತದೆ. ಎದ್ದು ಹೊರಗೆ ಹೋಗುವ ಶಕ್ತಿ ಅದಕ್ಕಿಲ್ಲ. ಧೂಪದ್ರವ್ಯ ಸುಟ್ಟಾಗ ಪ್ರತಿ ಗ್ರಾಮಿಗೆ ಸುಮಾರು 45 ಮಿಲಿಗ್ರಾಂ ಸೂಕ್ಷ್ಮ ಕಣ ಗಾಳಿಗೆ ಸೇರುತ್ತದೆ, ಸಿಗರೇಟಿನಲ್ಲಿ ಅದು ಗ್ರಾಮಿಗೆ 10 ಮಿಲಿಗ್ರಾಂ ಎಂದು 1996ರ ಅಳತೆಯೊಂದು ಹೇಳುತ್ತದೆ. ಮೇಲೆ ಹೇಳಿದ ಹತ್ತಡಿ ಕೋಣೆಯಲ್ಲಿ ಒಂದೇ ಗ್ರಾಂ ಊದುಬತ್ತಿ ಉರಿದು ಹೊಗೆ ಒಳಗೇ ನಿಂತರೆ ಘನ ಮೀಟರಿಗೆ 1,600 ಮೈಕ್ರೋಗ್ರಾಂ ಆಯಿತು. ಮುಕ್ಕಾಲು ಪಾಲು ಕಿಟಕಿಯಿಂದ ಹೋಯಿತೆಂದರೂ 400. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ದಿನದ ಸರಾಸರಿ 15. ಭಾರತದ್ದು ಉದಾರ, 60. ದಿನದ ಸರಾಸರಿಯನ್ನೂ ಅರ್ಧ ಗಂಟೆಯ ಪ್ರಮಾಣವನ್ನೂ ನೇರವಾಗಿ ಹೋಲಿಸಬಾರದೆಂಬುದು ಸರಿಯಾದ ಮಾತು. ಹಾಗೆಂದು ಆ ಅರ್ಧ ಗಂಟೆ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ತಿಂಗಳುಗಟ್ಟಲೆ, ಮೂಗಿನಿಂದ ಒಂದು ಮೊಳ ದೂರದಲ್ಲಿ ನಡೆಯುತ್ತದೆ ಎಂಬುದನ್ನು ಮರೆಯುವ ಹಾಗಿಲ್ಲ. ಇದ್ದಿಲ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ, ಅದಕ್ಕೆ ಬಣ್ಣವೂ ವಾಸನೆಯೂ ಇಲ್ಲ.

ಊದುಬತ್ತಿ ಸಿಗರೇಟಿಗಿಂತ ಕೆಟ್ಟದ್ದು ಎಂಬ ಸುದ್ದಿ 2015ರಲ್ಲಿ ಚೀನಾದ ಒಂದು ಅಧ್ಯಯನದಿಂದ ಹರಡಿತು. ಅದನ್ನು ಇಲ್ಲಿ ಸಾಕ್ಷಿಯಾಗಿ ಕರೆಯಬಾರದು. ಅದೂ ಗಾಜಿನ ತಟ್ಟೆಯಲ್ಲಿ ಪ್ರಾಣಿಕೋಶಗಳ ಮೇಲೆ, ಬೆರಳೆಣಿಕೆಯ ಊದುಬತ್ತಿಗಳಿಂದ ನಡೆದದ್ದು. ಒಂದು ಕಡೆ ತಟ್ಟೆಯ ಪುರಾವೆ ಸಾಲದು ಎಂದವರು ಇನ್ನೊಂದು ಕಡೆ ಅದನ್ನೇ ಎತ್ತಿ ಹಿಡಿಯುವುದು ಅನ್ಯಾಯ. ಮನುಷ್ಯರ ಮೇಲಿನ ದೊಡ್ಡ ಅಧ್ಯಯನ ಸಿಂಗಪುರದ್ದು. ಅಲ್ಲಿನ 61,320 ಚೀನೀ ಮೂಲದ ನಾಗರಿಕರನ್ನು ವರ್ಷಗಟ್ಟಲೆ ಹಿಂಬಾಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ದೀರ್ಘಕಾಲ ಮನೆಯಲ್ಲಿ ಧೂಪ ಹಚ್ಚಿದವರಲ್ಲಿ ಉಸಿರಾಟದ ಮೇಲ್ಭಾಗದ ಕ್ಯಾನ್ಸರ್‌ಗಳು ಹೆಚ್ಚಿದ್ದವು. ಒಟ್ಟಾರೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿರಲಿಲ್ಲ. ಎರಡನ್ನೂ ಹೇಳಬೇಕು. ಮೊದಲನೆಯದೇ ಎಚ್ಚರಿಸಲು ಸಾಕು.

ನಮ್ಮ ತಾಯಂದಿರು ಕಟ್ಟಿಗೆ ಒಲೆಯ ಹೊಗೆಯಲ್ಲೇ ಬದುಕಲಿಲ್ಲವೇ ಎನ್ನುವವರು ಆ ತಾಯಂದಿರನ್ನೇ ಕೇಳಲಿ. ಒಲೆ ಊದಿ ಊದಿ ಕಣ್ಣು ಕೆಂಪಾಗಿ, ನಡುವಯಸ್ಸಿಗೇ ದಮ್ಮು ಹತ್ತಿದವರು ಮಲೆನಾಡಿನ ಪ್ರತಿ ಊರಲ್ಲೂ ಇದ್ದರು. ಆ ಹೊಗೆಯಿಂದ ಅವರನ್ನು ಬಿಡಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಹೊಗೆ ಹೊರಹಾಕುವ ಅಸ್ತ್ರ ಒಲೆಯನ್ನು ರೂಪಿಸಿ ಕರ್ನಾಟಕದ ಹಳ್ಳಿಗಳಿಗೆ ಮುಟ್ಟಿಸಿತು. ಗೋಬರ್ ಗ್ಯಾಸೂ ಬಂತು, 2016ರಲ್ಲಿ ಉಜ್ವಲ ಯೋಜನೆ ಬಂತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ, ಅವರಲ್ಲಿ ಐದು ವರ್ಷದೊಳಗಿನ 2.37 ಲಕ್ಷ ಮಕ್ಕಳು ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅರ್ಧ ಶತಮಾನ ಹೆಣಗಿ ಅಡುಗೆಮನೆಯಿಂದ ಹೊರಗೆ ಕಳಿಸಿದ ಹೊಗೆಯನ್ನು ಆರೋಗ್ಯದ ಹೆಸರಿನಲ್ಲಿಯೇ ಮಲಗುವ ಕೋಣೆಗೆ ಕರೆತರುವುದು ದುಃಖದ ಸಂಗತಿ.

ಹಳೆಯ ಮನೆಗೂ ಇಂದಿನ ಮನೆಗೂ ಇರುವ ವ್ಯತ್ಯಾಸವನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹೆಂಚಿನ ಮನೆಯ ಸಂದಿಯಲ್ಲಿ ಹೊಗೆ ತಾನಾಗಿ ಹೊರಗೆ ಹೋಗುತ್ತಿತ್ತು. ವಿದ್ಯಾನಗರದ ಇಂದಿನ ಮನೆ ಆರ್‌ಸಿಸಿ ತಾರಸಿಯದ್ದು, ಜಾರು ಕಿಟಕಿಯದ್ದು. ಮಳೆಗಾಲದಲ್ಲಿ ಅದನ್ನು ತೆರೆಯುವುದೇ ಅಪರೂಪ. ಹೊಗೆಯ ‘ಗುಣ’ ಪೂರ್ತಿ ಸಿಗಲೆಂದು ಇರುವ ಕಿಟಕಿಯನ್ನೂ ಮುಚ್ಚುತ್ತಾರೆ. ಕ್ಷಯದಂಥ ಗಾಳಿಯಲ್ಲಿ ಹರಡುವ ರೋಗಕ್ಕೆ ಬೇಕಾದದ್ದು ಇದಕ್ಕೆ ನೇರ ವಿರುದ್ಧ. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಗಳಲ್ಲಿ ಗಂಟೆಗೆ 28 ಬಾರಿ ಗಾಳಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಆಡಿಸುವ ಕೋಣೆಗಳಲ್ಲಿ 12 ಬಾರಿ. ಎತ್ತರದ ಸೂರಿನ, ದೊಡ್ಡ ಕಿಟಕಿಯ ಹಳೆಯ ಕಟ್ಟಡಗಳೇ ಮೇಲಾಗಿದ್ದವು. ಗಾಳಿಯ ರೋಗಾಣುವಿಗೆ ಮನೆಯಲ್ಲಿರುವ ಮದ್ದು ಕಿಟಕಿಯ ಚಿಲಕ. ಅದಕ್ಕೆ ಖರ್ಚಿಲ್ಲ, ಜಾಹೀರಾತೂ ಇಲ್ಲ.

ಇನ್ನೊಂದು ಮೋಸವನ್ನು ಹೇಳದೆ ಬಿಡಲಾಗದು. ರಾಳದ ಗುಣಗಾನ ಮಾಡಿ ಮಾರುವ ಊದುಬತ್ತಿಯಲ್ಲಿ ರಾಳ ಎಷ್ಟಿದೆ? ಇಂದಿನ ಸಾಮಾನ್ಯ ಊದುಬತ್ತಿ ಎಂದರೆ ಬಿದಿರ ಕಡ್ಡಿ, ಇದ್ದಿಲ ಪುಡಿ, ಮರದ ಪುಡಿ, ಅಂಟು ಬರಿಸಲು ಜಿಗಟು, ಮೇಲೆ ಡೈಈಥೈಲ್ ಥ್ಯಾಲೇಟ್ ಎಂಬ ದ್ರಾವಕದಲ್ಲಿ ಬೆರೆಸಿದ ಕೃತಕ ಸುಗಂಧ. ಹಾಲುಮಡ್ಡಿ ಸೇರಿಸಿ ಹೊಸೆಯುವ ಹಳೆಯ ಮಸಾಲೆ ಬತ್ತಿ ದುಬಾರಿ, ಅಪರೂಪ. ಕುಂದುರಿನ ತೈಲದ ಪರೀಕ್ಷೆಯ ಫಲವನ್ನು ಇದ್ದಿಲ ಕಡ್ಡಿಯ ಪೊಟ್ಟಣದ ಮೇಲೆ ಅಚ್ಚು ಹಾಕುವುದು ದಾರಿ ತಪ್ಪಿಸುವ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಂಥದ್ದನ್ನು ಪ್ರಶ್ನಿಸಲು ಅವಕಾಶ ಕೊಟ್ಟಿದೆ.

ಆ ಜಿಗಟು ಎಲ್ಲಿಯದು? ಗುಳಮಾವಿನ ತೊಗಟೆಯದು. ಪಶ್ಚಿಮ ಘಟ್ಟದ ಕಾಡಿನ ಈ ಮರದ ತೊಗಟೆಯನ್ನು ಪುಡಿ ಮಾಡಿ ನೀರು ಬೆರೆಸಿದರೆ ಅಂಟಾಗುತ್ತದೆ. ಬೇಡಿಕೆ ಏರಿದಂತೆ ತೊಗಟೆಯನ್ನು ಸುತ್ತಲೂ ಸುಲಿದರು. ಸುತ್ತಲೂ ತೊಗಟೆ ಹೋದ ಮರ ಒಣಗಿ ನಿಲ್ಲುತ್ತದೆ. ರಾಳಧೂಪದ ಮರದ ಕಥೆ ಇನ್ನೂ ಕಠಿಣ. ಹೆಚ್ಚು ರಾಳ ಬರಲೆಂದು ಕಾಂಡಕ್ಕೆ ಕಚ್ಚು ಹಾಕುವುದಷ್ಟೇ ಅಲ್ಲ, ಬುಡಕ್ಕೆ ಬೆಂಕಿ ಹಾಕುವುದೂ ಉಂಟು. ಹಾಲುಮಡ್ಡಿಯ ಮರಗಳೂ ಅತಿಯಾದ ಕೆತ್ತನೆಗೆ ಸತ್ತಿವೆ. ಗುಗ್ಗುಳದ ಗಿಡವಂತೂ 2015ರಿಂದ ಜಾಗತಿಕ ಕೆಂಪು ಪಟ್ಟಿಯಲ್ಲಿ ಅಳಿವಿನ ತೀವ್ರ ಅಂಚಿನಲ್ಲಿದೆ. ಪೂಜೆಗೆ ಚಿಟಿಕೆ ಧೂಪ ಬೇಕೆಂದರೆ ಕಾಡು ಕೊಟ್ಟೀತು. ‘ಕ್ರಿಮಿನಾಶಕ’ ಎಂದು ಹೇಳಿ ಮನೆಮನೆಯಲ್ಲೂ ಬೆಳಿಗ್ಗೆ ಸಂಜೆ ಸುಡುವಷ್ಟು ಬೇಕೆಂದರೆ ಯಾವ ಕಾಡೂ ಕೊಡಲಾರದು.

ಇದನ್ನೆಲ್ಲ ಹೇಳುವುದು ಧೂಪಕ್ಕೆ ವಿರೋಧ, ಆಚಾರಕ್ಕೆ ವಿರೋಧ ಎಂದು ತಿಳಿಯುವವರಿದ್ದಾರೆ. ಹದಿನಾರು ಉಪಚಾರಗಳಲ್ಲಿ ಧೂಪ ಒಂದು. ದರ್ಗಾದಲ್ಲಿ ಲೋಬಾನ ಹಾಕುತ್ತಾರೆ, ಚರ್ಚಿನಲ್ಲಿ ಕುಂದುರು ಹೊಗೆಯಾಡುತ್ತದೆ. ಯಾವ ಭಕ್ತನೂ ಬ್ಯಾಕ್ಟೀರಿಯಾ ಸಾಯಲಿ ಎಂದು ಅದನ್ನು ಅರ್ಪಿಸಿದವನಲ್ಲ. ದೇವರಿಗೆ ಸುವಾಸನೆ ಒಪ್ಪಿಸುವುದಕ್ಕೆ ಪ್ರಯೋಗಾಲಯದ ಮುದ್ರೆ ಬೇಕಿರಲಿಲ್ಲ. ಆ ಮುದ್ರೆ ಒತ್ತಿದವರೇ ಧೂಪವನ್ನು ಫಿನೈಲಿನ ಸಾಲಿನಲ್ಲಿ ನಿಲ್ಲಿಸಿದ್ದು. ನಂಬಿಕೆಯಾಗಿ ಇರುವಾಗ ಧೂಪಕ್ಕೆ ಒಂದು ಮಿತಿ ಇತ್ತು, ಹೊತ್ತು ಇತ್ತು, ಜಾಗ ಇತ್ತು. ಔಷಧವೆಂದು ಹೆಸರು ಬಿದ್ದ ಮೇಲೆ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಭಾವನೆ ಬಂತು. ಕೆಮ್ಮುವ ಮಗುವಿಗೆ ವೈದ್ಯರ ಬದಲು ಹೊಗೆ ಸಿಗತೊಡಗಿತು.

ಶಿವಮೊಗ್ಗದಲ್ಲಿ ಇದನ್ನು ಸರಿಪಡಿಸಲು ದೊಡ್ಡ ಏರ್ಪಾಡು ಬೇಕಿಲ್ಲ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಊರಿನ ಹತ್ತಾರು ಮನೆಗಳಲ್ಲಿ ಧೂಪ ಹಾಕುವ ಮೊದಲು, ಹಾಕಿದ ಮೇಲೆ ಗಾಳಿಯ ಕಣಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಒಟ್ಟಿಗೆ ಅಳೆಯುವುದು ಒಂದು ಸ್ನಾತಕೋತ್ತರ ಪ್ರಬಂಧದ ಅಳತೆಯ ಕೆಲಸ. ರಾಳದ ತೈಲದ ನಿಜವಾದ ಬಲವನ್ನು ಗಾಯದ ಪಟ್ಟಿ, ಚರ್ಮದ ಮುಲಾಮುಗಳಲ್ಲಿ ಪರೀಕ್ಷಿಸುವುದು ಅದಕ್ಕಿಂತ ದೊಡ್ಡ, ಬೇಕಾದ ಕೆಲಸ. ಅಲ್ಲಿಯವರೆಗೆ ಕಾಯಬೇಕಿಲ್ಲದ್ದೂ ಒಂದಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾರೆ. ಎದೆಹಾಲು ಕುಡಿಯುತ್ತಿದೆಯೇ, ಮೈ ಬೆಚ್ಚಗಿದೆಯೇ, ಹೊಕ್ಕುಳು ಒಣಗಿದೆಯೇ ಎಂದು ನೋಡುತ್ತಾರೆ. ಆ ಭೇಟಿಯಲ್ಲಿ ಇನ್ನೊಂದು ಪ್ರಶ್ನೆ ಸೇರಲಿ: ಕೋಣೆಯಲ್ಲಿ ಹೊಗೆ ಹಾಕುತ್ತಿದ್ದೀರಾ? ಹೌದೆಂದರೆ, ಧೂಪವನ್ನು ದೇವರ ಮುಂದೆ ಬೆಳಗಿ ಅಲ್ಲೇ ಇರಿಸಲು, ಕೂಸಿನ ತಲೆಯನ್ನು ಒಣ ಬಟ್ಟೆಯಲ್ಲಿ ಒರೆಸಲು, ಕೋಣೆಯ ಕಿಟಕಿಯನ್ನು ದಿನಕ್ಕೆ ಎರಡು ಹೊತ್ತು ತೆರೆದಿಡಲು ಅಜ್ಜಿಗೂ ಬಾಣಂತಿಗೂ ಕೂಡಿಸಿ ಹೇಳಲಿ.